ಸಹಿಗೆ ಮುಂಚೆ ಸಮುದ್ರ

ನಮ್ಮ ಯಜಮಾನರದು ಹೆಂಚಿನ ವ್ಯಾಪಾರ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಮಂಡಿ. ಮಂಗಳೂರಿನಿಂದ ಲಾರಿಯಲ್ಲಿ ಬಂದ ಕೆಂಪು ಹೆಂಚು ಅಲ್ಲಿಂದ ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೆಲ್ಲ ಎತ್ತಿನ ಗಾಡಿಗಳಲ್ಲಿ ಹೋಗುತ್ತಿತ್ತು. ಮಳೆಗಾಲ ಬಿಟ್ಟರೆ ಇವರು ಆಗಾಗ ಘಟ್ಟ ಇಳಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಹೆಂಚಿನ ಕಾರ್ಖಾನೆಯ ಧಣಿಗಳ ಕಾರಿನಲ್ಲಿ ಉಡುಪಿಯ ಕಡೆಗೆ ಒಂದು ಸುತ್ತು ಹೋಗಿಬರುವುದು ರೂಢಿ.

ಊರಿಗೆ ವಾಪಸು ಬಂದು ಊಟಕ್ಕೆ ಕೂತರೆ ಆ ರಸ್ತೆಯದೇ ಮಾತು. ಒಂದು ಪಕ್ಕ ತೆಂಗಿನ ತೋಪು, ಇನ್ನೊಂದು ಪಕ್ಕ ಬರೀ ನೀರು. ಹೊಳೆ ಅಡ್ಡ ಬಂದಲ್ಲಿ ಎರಡು ದೋಣಿ ಜೋಡಿಸಿ ಕಟ್ಟಿ ಅದರ ಮೇಲೆ ಕಾರನ್ನೇ ದಾಟಿಸುತ್ತಾರೆ. ನಾನು ಮುದ್ದೆ ಬಡಿಸುತ್ತ ಕೇಳುತ್ತಿದ್ದೆ. ಕೊಣನೂರಿನಲ್ಲಿ ಹುಟ್ಟಿದವಳು ನಾನು. ಕಾವೇರಿಯ ಆಚೆ ದಡವೇ ನನಗೆ ದೂರ. ಆಚೆ ದಡವೇ ಇಲ್ಲದ ನೀರು ಅಂದರೆ ಹೇಗಿರಬಹುದು ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

“ಮುಂದಿನ ಸಲ ಓಗಾನ ಕಣೆ,” ಅಂದಿದ್ದರು.

ಮುಂದಿನ ಸಲ ನಾನು ಬಸುರಿ. ಅದರ ಮುಂದಿನ ಸಲ ಕೂಸಿಗೆ ದಡಾರ. ಆಮೇಲೆ ಅತ್ತೆಯವರಿಗೆ ಸೊಂಟನೋವು. ಒಮ್ಮೆ ಯಾವ ಅಡ್ಡಿಯೂ ಇರಲಿಲ್ಲ. ಸೀರೆ ಮಡಿಸಿ ಟ್ರಂಕಿನಲ್ಲಿಟ್ಟಿದ್ದೆ. “ಅಲ್ಲೆಲ್ಲ ಮೀನು ಒಣಗಾಕಿರ್ತಾರೆ, ಲಿಂಗ ಕಟ್ಟಿದೋಳು ನೀನು, ವಾಸ್ನೆ ತಡಿಯಾಕಾಯ್ತದಾ?” ಅಂದುಬಿಟ್ಟರು. ಇವರೇನು ಲಿಂಗ ಬಿಚ್ಚಿಟ್ಟು ಹೋಗುತ್ತಿದ್ದರೇ? ಸೀರೆ ತೆಗೆದು ಗೋಡೆಯ ಗಿಣಿಗೂಟಕ್ಕೆ ಹಾಕಿದೆ. ನಂತರ ಯುದ್ಧ ಬಂತು. ಪೆಟ್ರೋಲು ಚೀಟಿ ಇದ್ದವರಿಗೆ ಮಾತ್ರ ಅಂತಾಯಿತು. ಆ ಕಾರಣವಂತೂ ಸರ್ಕಾರವೇ ಕೊಟ್ಟಿದ್ದು, ಎದುರಾಡುವ ಹಾಗೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಹೆಂಗಸಿನ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆನೇನೋ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಒಂದು ದಿನ ನನ್ನ ನಾದಿನಿ ಗಂಡನ ಊರು ದುದ್ದದಿಂದ ಬಂದಳು. ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಹೇಳಿದಳು: “ಅತ್ತಿಗೆ, ಅಲೆ ಬಂದು ವಾಪಸ್ ಓಗುವಾಗ ಕಾಲಡಿ ಮರಳ್ನೇ ಎಳ್ಕಂಡೋಯ್ತದೆ. ನಂಗೆ ಬಿದ್ದೇಬುಟ್ಟೆ ಅನ್ನಿಸ್ತು!”

“ಯಾವ ಅಲೆ?”

“ಅಣ್ಣ ಕರ್ಕಂಡೋಗಿದ್ರಲ್ಲ, ನಮ್ಮಿಬ್ರನ್ನೂ. ಹೇಳ್ಲಿಲ್ವಾ?”

ಅವಳು ಪಾಪದವಳು. ನನ್ನ ಮುಖ ನೋಡಿ ಕಾಯಿ ಬಿಡಿಸುವುದನ್ನೇ ನಿಲ್ಲಿಸಿಬಿಟ್ಟಳು. ಸಂಜೆ ಇವರು ಮಂಡಿಯಿಂದ ಬಂದಾಗ ಕೇಳಿದೆ. ಪಂಚೆ ಬದಲಾಯಿಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು: “ಅವತ್ತು ಕಾರಲ್ಲಿ ಜಾಗ ಇರ್ಲಿಲ್ಲ.”

ತಂಗಿಗೆ, ಅವಳ ಗಂಡನಿಗೆ ಇದ್ದ ಜಾಗ ನನಗಿರಲಿಲ್ಲ. ಅಂದಿನಿಂದ ಇವರು ಸಮುದ್ರದ ಮಾತೆತ್ತಿದರೆ ನಾನು ಪಾತ್ರೆ ಕುಕ್ಕುತ್ತಿದ್ದೆ. ಕೊನೆಗೆ ಅವರೂ ಆ ಮಾತು ಬಿಟ್ಟರು.

ಯುದ್ಧ ಮುಗಿಯಿತು. ಒಂದು ಬೆಳಿಗ್ಗೆ ವಿಭೂತಿ ಇಟ್ಟುಕೊಳ್ಳುತ್ತಿದ್ದವರು ತಾವಾಗಿಯೇ ಹೇಳಿದರು: “ನಾಳೀಕೆ ಸಿದ್ಧ ಮಾಡ್ಕ. ಮಂಗ್ಳೂರಿಗೆ ಓಗಾನ, ಇಬ್ರೂವೆ.”

ನಾನು ನಂಬಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಇಷ್ಟು ವರ್ಷದ ಕೋಪವನ್ನು ಒಂದು ಮಾತಿಗೆ ಮರೆತು, ಅಕ್ಕಿರೊಟ್ಟಿ ತಟ್ಟಿ, ಚಟ್ನಿಪುಡಿ ಕಟ್ಟಿಕೊಂಡು, ಮಕ್ಕಳನ್ನು ಅತ್ತೆಯವರ ಹತ್ತಿರ ಬಿಟ್ಟು ಹೊರಟೆ. ಹಾಸನದಲ್ಲಿ ಬಸ್ಸು ಬದಲಾಯಿಸಿದೆವು. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿದರೂ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬಸ್ಸು ನಿಂತಲ್ಲಿ ಇವರು ಇಳಿದು ನಿಂಬೆಹಣ್ಣು ಕುಯ್ಯಿಸಿ ತಂದುಕೊಟ್ಟರು. ಮದುವೆಯಾದ ಮೇಲೆ ಅಷ್ಟು ಉಪಚಾರ ನಾನು ಕಂಡಿರಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಧಣಿಗಳ ಮನೆಗೆ ಹೋದೆವು. ಅವರು ವಯಸ್ಸಾದವರು, ಉಬ್ಬಸದಿಂದ ಘಟ್ಟ ಹತ್ತಲಾಗದವರು. ನನಗೇ ಮೊದಲು ಕುರ್ಚಿ ಹಾಕಿಸಿ, ಬೆಲ್ಲದ ಕಾಫಿ ತರಿಸಿ, ನಿಧಾನವಾಗಿ ಹೇಳಿದರು: “ಹಾಸನದ ನಿಮ್ಮ ಜಾಗ ನಮ್ಮ ಹೆಂಚಿನ ಗೋಡೌನಿಗೆ ಕೊಡುತ್ತಿದ್ದೀರಿ ಅಂತ ತಿಳಿದು ಬಹಳ ಸಂತೋಷವಾಯಿತು, ಅಮ್ಮ. ಕ್ರಯದ ಕರಾರಿಗೆ ನೀವೇ ನನ್ನೆದುರು ಸಹಿ ಹಾಕಬೇಕು ಅಂತ ನಾನೇ ಇವರಿಗೆ ಹೇಳಿದ್ದು. ಹೆಂಗಸರ ಆಸ್ತಿ ನೋಡಿ, ನಾಳೆ ಮಾತು ಬರಬಾರದು.”

ಹಾಸನದ ರೈಲ್ವೆ ಸ್ಟೇಷನ್ನಿನ ಹತ್ತಿರದ ಆ ಜಾಗ ನನ್ನಪ್ಪ ಅರಿಶಿನ-ಕುಂಕುಮಕ್ಕೆ ಅಂತ ನನ್ನ ಹೆಸರಿಗೆ ಬರೆದುಕೊಟ್ಟಿದ್ದು. ಅದನ್ನು ಮಾರುವ ಸುದ್ದಿ ನನ್ನ ಕಿವಿಗೆ ಬಿದ್ದಿದ್ದು ಆಗಲೇ, ಆ ಕುರ್ಚಿಯಲ್ಲಿ ಕೂತಾಗಲೇ. ಇವರ ಕಡೆ ನೋಡಿದೆ. ಇವರು ಕಾಫಿ ಲೋಟದೊಳಕ್ಕೆ ನೋಡುತ್ತಿದ್ದರು.

ಪರಗಂಡಸರ ಮುಂದೆ ನಾನು ಬಾಯಿಬಿಟ್ಟವಳಲ್ಲ. ಆದರೆ ಅವತ್ತು ಸಿಟ್ಟು ತಲೆಗೇರಿ ಭಯಕ್ಕೆ ಜಾಗವೇ ಉಳಿಯಲಿಲ್ಲ. ಲೋಟ ಕೆಳಗಿಟ್ಟು ಹೇಳಿದೆ: “ಸಹಿ ಆಮೇಲೆ ಸಾ. ನಂಗೆ ಸಮುದ್ರದ ರಸ್ತೆ ತೋರುಸ್ತೀನಿ ಅಂತ ಮದ್ವೆಯಾದಾಗಿಂದ ಹೇಳ್ತಾ ಬಂದವ್ರೆ. ಮೊದ್ಲು ಅದು.”

“ಲೇ,” ಅಂದರು ಇವರು.

ಧಣಿಗಳು ನಮ್ಮಿಬ್ಬರ ಮುಖವನ್ನೂ ನೋಡಿದರು. ಏನು ಅರ್ಥವಾಯಿತೋ, ಡ್ರೈವರನ್ನು ಕೂಗಿ, “ಇವರನ್ನು ಕಾಪುವಿನವರೆಗೆ ಕರೆದುಕೊಂಡು ಹೋಗು. ಅಮ್ಮ ಎಲ್ಲಿ ನಿಲ್ಲಿಸು ಅಂತಾರೋ ಅಲ್ಲಿ ನಿಲ್ಲಿಸು,” ಅಂದರು.

ಅಂತೂ ಆ ರಸ್ತೆಯಲ್ಲಿ ನಾನು ಹೋದೆ. ಹಿಂದಿನ ಸೀಟಿನಲ್ಲಿ ಇವರು ಆ ಕಿಟಕಿಗೆ, ನಾನು ಈ ಕಿಟಕಿಗೆ. ಸುರತ್ಕಲ್ ಹತ್ತಿರ ತೆಂಗಿನ ಮರಗಳ ಸಂದಿಯಲ್ಲಿ ಮೊದಲ ಸಲ ನೀರು ಕಂಡಿತು. ಮೊದಲು ಅದು ಆಕಾಶವೆಂದೇ ತಿಳಿದೆ. ಅದರ ಮೇಲೆ ಒಂದು ಹಾಯಿದೋಣಿ ನಿಂತಿದ್ದಕ್ಕೆ ನೀರೆಂದು ಗೊತ್ತಾಯಿತು. “ಅಗೋ” ಅಂತ ಕೂಗಬೇಕೆನಿಸಿತು. ಪಕ್ಕದಲ್ಲಿ ಕೂತವರ ಮುಖ ನೋಡಿದ ಮೇಲೆ ಮಾತು ಬಾಯಲ್ಲೇ ಉಳಿಯಿತು.

ಮೂಲ್ಕಿಯ ಹೊಳೆಯಲ್ಲಿ ಕಾರನ್ನು ಜೋಡಿ ದೋಣಿಗೆ ಹತ್ತಿಸಿದರು. ಡ್ರೈವರು ಅಂಬಿಗರ ಜೊತೆ ತುಳುವಿನಲ್ಲಿ ಮಾತಾಡುತ್ತ ಆ ತುದಿಯಲ್ಲಿ ನಿಂತಿದ್ದ. ಇವರಿಗೆ ಆಗ ಬಾಯಿ ಬಂತು.

“ನಾಕ್ ಜನದ ಮುಂದೆ ಮರ್ಯಾದೆ ತೆಗ್ದುಬುಟ್ಟೆ.”

“ನಿಮ್ಮ ಮರ್ಯಾದೇನ ನಮ್ಮಪ್ಪನ ಜಾಗದ ಮೇಲೆ ಕಟ್ಟಿದ್ರಾ?”

“ಲಾರಿ ತಗಬೇಕು ಕಣೆ. ಬಾಡ್ಗೆ ಲಾರಿ ನೆಚ್ಚ್ಕಂಡು ಎಷ್ಟ್ ದಿನ ವ್ಯಾಪಾರ ಮಾಡಾನ? ಯಾರಿಗೋಸ್ಕರ ಮಾಡ್ತೀನಿ, ನಿಂಗೆ, ಮಕ್ಕಳಿಗೇ ತಾನೆ?”

“ಅಂಗಂತ ಮನೇಲೇ ಕೇಳ್ಬೋದಿತ್ತಲ್ಲ?”

“ಕೇಳಿದ್ರೆ ನೀನು ‘ನಮ್ಮಪ್ಪನ್ನ ಕೇಳ್ಬೇಕು’ ಅಂತಿದ್ದೆ.”

“ನಮ್ಮಪ್ಪ ಸತ್ತು ಎಷ್ಟು ವರ್ಸ ಆಯ್ತು? ಸುಡುಗಾಡಿಗೋಗಿ ಕೇಳ್ಕಂಡ್ ಬತ್ತಿದ್ನಾ?”

ಅಂಬಿಗರಲ್ಲಿ ಒಬ್ಬ ತಿರುಗಿ ನೋಡಿದ. ನಮ್ಮ ಭಾಷೆ ತಿಳಿಯದಿದ್ದರೂ ಜಗಳ ಯಾವ ಭಾಷೆಯಲ್ಲಾದರೂ ಜಗಳವೇ. ಇವರು ತಲೆಗೆ ಟವೆಲು ಸುತ್ತಿಕೊಂಡು ಕಾರಿನೊಳಗೆ ಹೋಗಿ ಕೂತರು.

ಕಾಪುವಿನಲ್ಲಿ ಒಂದು ಬಂಡೆ, ಅದರ ಮೇಲೆ ದೀಪದ ಗೋಪುರ. ಅಲ್ಲಿ ನಿಲ್ಲಿಸಲು ಹೇಳಿದೆ. ಒಣಗುವ ಮೀನಿನ ವಾಸನೆ ನಿಜವಾಗಿಯೂ ಇತ್ತು. ಸೆರಗು ಮುಚ್ಚಿಕೊಂಡೆ, ಎರಡು ಗಳಿಗೆಯಲ್ಲಿ ಅಭ್ಯಾಸವಾಯಿತು. ಅಷ್ಟು ಸಣ್ಣದನ್ನು ಅಷ್ಟು ದೊಡ್ಡ ಅಡ್ಡಗೋಡೆ ಮಾಡಿದ್ದರಲ್ಲ ಅಂತ ಮತ್ತಷ್ಟು ಸಿಟ್ಟು ಬಂತು. ಮರಳು ಕಾದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಕಡೆ ನಡೆದೆ. ಮೊದಲ ಅಲೆ ಹಿಮ್ಮಡಿಗೆ ಬಂತು, ಮುಂದಿನದು ಮೊಣಕಾಲಿಗೆ. ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಕಾಲಡಿಯ ಮರಳು ಜಾರಿತು, ನಾದಿನಿ ಹೇಳಿದ್ದ ಹಾಗೆಯೇ. ಅವಳ ಬಾಯಲ್ಲಿ ಮೊದಲೇ ಕೇಳಿದ್ದರಿಂದ ಅದೂ ನನಗೆ ಹೊಸದಾಗಿ ಸಿಗಲಿಲ್ಲ.

ಹಿಂದಿನಿಂದ ಇವರು ಕೂಗುತ್ತಿದ್ದರು: “ಸಾಕು ಬಾ! ಎಳ್ಕಂಡೋಯ್ತದೆ, ಬಾ!” ಆ ದನಿಯಲ್ಲಿ ಗಾಬರಿ ಇತ್ತು. ನಾನು ತಿರುಗಲಿಲ್ಲ. ಅಷ್ಟು ದೊಡ್ಡ ನೀರಿನ ಮುಂದೆ ನಿಂತರೆ ಮನಸ್ಸು ತಣ್ಣಗಾಗುತ್ತದೆ ಅಂತ ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಅಲ್ಲಿ ನಿಂತು ಅತ್ತೆ. ದುಃಖಕ್ಕಲ್ಲ, ರೋಷಕ್ಕೆ. ಅಲೆಗಳ ಸದ್ದಿನಲ್ಲಿ ಯಾರಿಗೂ ಕೇಳದೆಂದು ಗಟ್ಟಿಯಾಗಿಯೇ ಅತ್ತೆ. ಅತ್ತು ಮುಗಿದ ಮೇಲೆ ತಲೆ ಸ್ವಲ್ಪ ತಿಳಿಯಾಯಿತು, ಏನು ಮಾಡಬೇಕೆಂದು ಹೊಳೆಯಿತು. ಮುಖ ತೊಳೆಯೋಣವೆಂದು ಬೊಗಸೆ ನೀರು ಹಾಕಿಕೊಂಡರೆ ಕಣ್ಣು ಇನ್ನಷ್ಟು ಉರಿಯಿತು.

ಒದ್ದೆ ಸೀರೆಯಲ್ಲೇ ಕಾರಿಗೆ ಬಂದು ಕೂತೆ. ಸೀಟು ಹಾಳಾಗುತ್ತದೆ ಅಂತ ಇವರು ಗೊಣಗಿದರು. ಡ್ರೈವರು, “ಪರವಾಗಿಲ್ಲ ಮಾರಾಯ್ರೆ, ಉಪ್ಪುನೀರು ಒಣಗ್ತದೆ,” ಅಂದ.

ಸಂಜೆ ಧಣಿಗಳ ಚಾವಡಿಯಲ್ಲಿ ಕರಾರಿನ ಕಾಗದ, ಮಸಿ ಎಲ್ಲ ಸಿದ್ಧವಾಗಿದ್ದವು. ನಾನು ಪೆನ್ನು ಮುಟ್ಟಲಿಲ್ಲ. “ಮಾರಾದಿಲ್ಲ ಸಾ. ಗೋಡೌನಿಗೆ ಬೇಕು ಅಂದ್ರೆ ಬಾಡ್ಗೆಗೆ ಕೊಡ್ತೀನಿ. ಬಾಡ್ಗೆ ನನ್ ಕೈಗೆ ಬರ್ಬೇಕು,” ಅಂದೆ.

ಇವರು ಎದ್ದು ಹೊರಗೆ ಹೋದರು. ಧಣಿಗಳು ಬಹಳ ಹೊತ್ತು ಕೆಮ್ಮಿದರು, ಆಮೇಲೆ, “ನನಗೆ ಬೇಕಾದ್ದು ಹೆಂಚು ಇಡುವುದಕ್ಕೆ ಜಾಗ. ಅದು ಯಾರ ಹೆಸರಲ್ಲಿದ್ದರೆ ಏನು?” ಎಂದು ಹೊಸ ಕಾಗದ ತರಿಸಿದರು. ಅದನ್ನು ಓದಿಸಿ ಕೇಳಿಸಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ನನ್ನ ಹೆಸರು ಬರೆದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಡ್ರೈವರನ ಪಕ್ಕ ಕೂತರು, ನಾನು ಹೆಂಗಸರ ಸಾಲಿನಲ್ಲಿ. ಆಮೇಲೆ ಶಿವರಾತ್ರಿಯವರೆಗೂ, ತಿಂಗಳುಗಟ್ಟಲೆ, ನಮ್ಮಿಬ್ಬರಿಗೂ ಮಾತಿರಲಿಲ್ಲ. ಬೇಕಾದ್ದನ್ನು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದರು. ಅತ್ತೆಯವರು ನನ್ನನ್ನು ಗಂಡುಬೀರಿ ಅಂದರು. ಅನ್ನಲಿ. ಇವರು ಲಾರಿಯನ್ನು ಚನ್ನರಾಯಪಟ್ಟಣದ ಇನ್ನೊಬ್ಬ ವ್ಯಾಪಾರಿಯ ಜೊತೆ ಪಾಲಿನಲ್ಲಿ ಕೊಂಡರು, ವ್ಯಾಪಾರವೇನೂ ಮುಳುಗಲಿಲ್ಲ. ಹಾಸನದ ಬಾಡಿಗೆಯಲ್ಲಿ ಹೆಣ್ಣುಮಕ್ಕಳಿಬ್ಬರನ್ನೂ ಹೈಸ್ಕೂಲು ಓದಿಸಿದೆ.

ವಯಸ್ಸಾದ ಮೇಲೆ ಒಂದು ದಿನ ಇವರೇ ಕೇಳಿದರು: “ಆವತ್ತು ಆ ರಸ್ತೆ ಹೆಂಗಿತ್ತು ಅಂತ ನೀನು ಒಂದ್ ಮಾತೂ ಹೇಳ್ಲಿಲ್ವಲ್ಲ?”

“ನೋಡಾಕೆ ಎಲ್ಲಿ ಬಿಟ್ರಿ?” ಅಂದೆ.

ಅವರು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಜಗಲಿಗೆ ಹೋದರು. ನಾನು ಕರೆದು ಸಮಾಧಾನದ ಮಾತು ಆಡಲಿಲ್ಲ. ಆಡಬಹುದಿತ್ತು, ಬೇಕೆನಿಸಲಿಲ್ಲ.