ಶಿವಲಿಂಗವ್ವ ಪೆಟ್ಟಿಗೆಯ ಬಾಯಿ ಕಟ್ಟಿಸಿದ್ದು

ಇಳಕಲ್ಲಿನ ನೇಕಾರರ ಓಣಿಯ ಶಿವಲಿಂಗವ್ವ ಯಾರನ್ನೂ ನಂಬುವ ಪೈಕಿ ಅಲ್ಲ. ಹಾಲು ಹಾಕುವವನು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುವಳು, ನಗದಿದ್ದರೆ ಮುಖ ತಪ್ಪಿಸುತ್ತಿದ್ದಾನೆ ಎಂದುಕೊಳ್ಳುವಳು. ಗಂಡ ಅಮಾತೆಪ್ಪ ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿ ದುಡಿದು ಈಗ ಮನೆಯಲ್ಲಿದ್ದಾನೆ. ಆ ಮನುಷ್ಯ ಸಂಜೆ ಗುಡಿಗೆ ಹೋಗಿ ಹತ್ತು ನಿಮಿಷ ತಡವಾಗಿ ಬಂದರೂ ಯಾರ ಸಂಗಡ ನಿಂತಿದ್ದೆ, ಏನು ಮಾತಾಡಿದೆ ಎಂದು ಕೇಳದೆ ಅವಳು ತಾಟು ಹಾಕುವುದಿಲ್ಲ. ಪಾಪ, ಅವನೂ ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ.

ಈ ಸಂಶಯವೇ ಅವಳ ಅನ್ನ. ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆ ಈ ನಾಲ್ಕೂರುಗಳ ನಡುವೆ ಹೆಣ್ಣು ಗಂಡು ಕೂಡಿಸುವ ಕೆಲಸವನ್ನು ಅವಳು ನಲವತ್ತು ವರ್ಷದಿಂದ ಮಾಡುತ್ತಿದ್ದಾಳೆ. ವರನ ಮನೆಯವರು ಚಹಾ ಕೊಟ್ಟು ಚಂದ ಮಾತಾಡಿ ಕಳಿಸಿದರೆ ಅವಳಿಗೆ ಸಮಾಧಾನವಿಲ್ಲ. ಮರುದಿನ ಹೇಳದೆ ಕೇಳದೆ, "ನನ್ನ ಅಡಕಿ ಚೀಲ ಇಲ್ಲೇ ಬಿಟ್ಟ ಹೋಗಿದ್ನೇನವಾ?" ಎಂದು ನುಗ್ಗುವಳು. ಆ ಹೊತ್ತಿಗೆ ಆ ಮನೆಯ ಹಿರಿಸೊಸೆಯನ್ನು ಯಾವ ಧ್ವನಿಯಲ್ಲಿ ಕರೆಯುತ್ತಾರೆ, ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿಂದ ಆ ಊರಿನ ಹಿಟ್ಟಿನ ಗಿರಣಿಗೆ ಹೋಗಿ ಎರಡು ಮಾತು. ಇಷ್ಟಾದ ಮೇಲೆಯೇ ಹೆಣ್ಣಿನವರಿಗೆ ಹೂಂ ಅನ್ನುವಳು. ಅವಳು ಕೂಡಿಸಿದ ಮನೆಗಳಲ್ಲಿ ಹೆಣ್ಣುಮಕ್ಕಳು ಸುಖವಾಗಿದ್ದಾರೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇನ್ನೊಂದು ಹೆಸರೂ ಇತ್ತು. ಶಿವಲಿಂಗವ್ವನ ಹೊಟ್ಟೆಗೆ ಹೋದ ಮಾತು ಹೊರಗೆ ಬರುವುದಿಲ್ಲ ಎಂದು ಜನ ನಂಬಿದ್ದರು.

ಆದರೆ ಅರವತ್ತು ದಾಟಿದ ಮೇಲೆ ಹೊಟ್ಟೆಗೆ ಹೋದದ್ದು ಅವಳಿಗೇ ಸಿಗದಾಯಿತು. ಒಂದು ದಿನ ಬಾದಾಮಿಯಲ್ಲಿ ಒಂದೇ ಬೆಡಗಿನ ಹುಡುಗ ಹುಡುಗಿಯನ್ನು, ಅಂದರೆ ಅಣ್ಣ ತಂಗಿ ಆಗಬೇಕಾದವರನ್ನು, ಎದುರುಬದುರು ಕೂಡಿಸಿಬಿಟ್ಟಳು. ಎರಡೂ ಕಡೆಯ ಹಿರಿಯರು ಉಪ್ಪಿಟ್ಟಿನ ತಾಟು ಕೆಳಗಿಟ್ಟು ಇವಳನ್ನೇ ನೋಡಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮರುದಿನವೇ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಜೋಹರಾಳ ಬಳಿಗೆ ಹೋದಳು.

ಜೋಹರಾ ಮೊದಲು ಮೊಬೈಲಿನಲ್ಲೇ ಸಿಗುವ ಎಐ ತೋರಿಸಿದಳು.

"ಈಗ ನಾ ಹೇಳಿದ್ದು ಎಲ್ಲಿ ಹೋಗ್ತೈತಿ?" ಎಂದು ಕೇಳಿದಳು ಶಿವಲಿಂಗವ್ವ.

"ಕಂಪನಿ ಕಂಪ್ಯೂಟರಿಗೆ ಹೋಗ್ತೈತ್ರಿ ಅವ್ವಾರ."

"ನಮ್ಮ ಹುಡುಗ್ಯಾರ ಸುದ್ದಿ ಕಂಪನಿಯಾಂವಗ್ಯಾಕ? ಒಲ್ಲೆವಾ. ನನ್ನ ಮನ್ಯಾಗ ಬಿದ್ದಿರೂದಿದ್ರ ಹೇಳು."

ಜೋಹರಾ ಒಂದು ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿ, ಇಂಟರ್ನೆಟ್ಟೇ ಇಲ್ಲದೆ ಮನೆಯಲ್ಲೇ ಓಡುವ ಎಐ ಸಹಾಯಕನನ್ನು ಅದರೊಳಗೆ ಹಾಕಿ ಕೊಟ್ಟಳು. ಬಾಯಲ್ಲಿ ಹೇಳಿದರೆ ಬರೆದಿಟ್ಟುಕೊಳ್ಳುತ್ತದೆ, ಕೇಳಿದರೆ ಹೇಳುತ್ತದೆ. ಶಿವಲಿಂಗವ್ವ ಅದನ್ನು ಪೆಟ್ಟಿಗೆ ಎಂದೇ ಕರೆದಳು. ಬಿಸಿಯಾಗುತ್ತದೆ, ಗಾಳಿ ಬೇಕು ಎಂದು ಜೋಹರಾ ಹೇಳಿದ್ದಕ್ಕೆ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ, ಅದಕ್ಕೊಂದು ಮೇಜು ಹಾಕಿಸಿದಳು. ನಾಲ್ಕು ತಿಂಗಳು ಯಾವ ತಂಟೆಯೂ ಇಲ್ಲದೆ ನಡೆಯಿತು.

ಆಮೇಲೆ ಮಹೇಶ್ವರಿಯ ಸಂಬಂಧ ಬಂತು. ಹುನಗುಂದದ ಹುಡುಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಇಪ್ಪತ್ತೊಂಬತ್ತು ವರ್ಷ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಚೆನ್ನಾಗಿ ಕೇಳುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಮುಚ್ಚಿಟ್ಟು ಮದುವೆಯಾಗುವ ಮನಸ್ಸು ಅವಳಿಗೂ ಇರಲಿಲ್ಲ. ಅವಳು ಕೇಳಿಕೊಂಡದ್ದು ಒಂದೇ.

"ಹುಡುಗ ನೋಡಾಕ ಬಂದಾಗ ನಾನ ಹೇಳ್ತೇನ್ರಿ ಅವ್ವಾರ. ನನ್ನ ಬಾಯಿಂದನ ಅವ್ರು ಕೇಳಬೇಕು. ಅಲ್ಲೀತನಕ ನೀವು ಯಾರ ಮುಂದೂ ಆಡಬ್ಯಾಡ್ರಿ."

"ನನ್ನ ಹೊಟ್ಟ್ಯಾಗ ಹಾಕ್ಕೊಂಡೆ ಅಂದ್ರ ಮುಗೀತವಾ," ಎಂದಿದ್ದಳು ಶಿವಲಿಂಗವ್ವ.

ಪೆಟ್ಟಿಗೆಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆದರೂ ಎರಡು ವಾರ ಕಳೆಯುವುದರೊಳಗೆ ಅವಳಿಗೆಂದು ನೋಡಿಟ್ಟಿದ್ದ, ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ವರನ ತಾಯಿ ಫೋನ್ ಮಾಡಿ, "ಹುಡುಗಿಗೆ ಕಿವಿ ಕೇಳ್ಸೂದಿಲ್ಲಂತಲ್ರಿ? ನಮಗ್ಯಾಕ ಮುಚ್ಚಿಟ್ರಿ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ ಇಟ್ಟುಬಿಟ್ಟಳು. ಸುದ್ದಿ ಮುಟ್ಟಿಸಿದಾಗ ಮಹೇಶ್ವರಿ ಅಳಲಿಲ್ಲ, ಬೈಯಲೂ ಇಲ್ಲ. "ನೋಡಾಕ ಬಂದವ್ರ ಮುಂದ ಇನ್ನೊಂದ ಸಲ ಕೂಡ್ತೇನ್ರಿ. ಅದೂ ಹಿಂಗಾದ್ರ ಮತ್ತ ಯಾರ ಮುಂದೂ ಕೂಡೂದಿಲ್ಲ," ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಯಾರು ಬಾಯಿಬಿಟ್ಟರು? ಮೊದಲು ಅಮಾತೆಪ್ಪನ ಮೇಲೆ ಬಿದ್ದಳು. ಅವನು ಕಣ್ಣು ಪಿಳಿಪಿಳಿ ಮಾಡಿ, "ಯಾವ ಹುಡುಗಿ?" ಎಂದ. ಅವನಿಗೆ ಹೆಸರೂ ಗೊತ್ತಿರಲಿಲ್ಲ. ಉಳಿದದ್ದು ಪೆಟ್ಟಿಗೆ. ಅದರ ಮುಂದೆ ಕುಳಿತು, "ಖರೆ ಹೇಳು, ಯಾರಿಗೆ ಹೇಳಿದಿ?" ಎಂದು ಕೇಳಿದಳು.

"ನಾನು ಯಾರಿಗೂ ಹೇಳಿಲ್ಲ. ನಿಮಗೆ ಇನ್ನೇನಾದರೂ ಸಹಾಯ ಬೇಕೇ?" ಎಂದಿತು ಪೆಟ್ಟಿಗೆ.

ಕಳ್ಳರು ಹೀಗೇ ನಯವಾಗಿ ಮಾತಾಡುತ್ತಾರೆ ಎಂಬುದು ಅವಳ ನಲವತ್ತು ವರ್ಷದ ಅನುಭವ. ಜೋಹರಾಳನ್ನು ಕರೆಸಿ ರೀಸೆಟ್ ಮಾಡಿಸಿದಳು. ಜೋಹರಾ ಹೊಸಲು ದಾಟಿದ್ದೇ ತಡ, ಪರೀಕ್ಷೆಗೆಂದು, "ಮಹೇಶ್ವರಿ ಯಾರು?" ಎಂದು ಕೇಳಿದಳು.

"ಹುನಗುಂದದ ಶಿಕ್ಷಕಿ. ಎಡಗಿವಿ ಕೇಳಿಸುವುದಿಲ್ಲ. ಈ ವಿಷಯ ಯಾರಿಗೂ ಹೇಳಬಾರದು."

ಅಬ್ಬಾ! ಶಿವಲಿಂಗವ್ವನ ಮೈಯೆಲ್ಲ ಉರಿದುಹೋಯಿತು. ಅಂಗಡಿಯತನಕ ಒಂದೇ ಉಸಿರಿಗೆ ನಡೆದಳು.

"ಎಲ್ಲಾ ತಗದೇನಿ ಅಂದಿ. ಹಂಗ ಕುಂತೈತಲ್ಲ! ಯಾರಿಗೆ ಕೊಡಾಕ ಇಟ್ಟೀ?"

ಜೋಹರಾಳ ಮುಖ ಸಣ್ಣದಾಯಿತು. "ರೀಸೆಟ್ ಮಾಡಿದ್ರ ಆಡಿದ ಮಾತಷ್ಟ ಹೋಗ್ತಾವ್ರಿ ಅವ್ವಾರ. ನೆನಪಿನ ಫೋಲ್ಡರ್ ಬ್ಯಾರೆ ಇರ್ತೈತಿ. ನಾಕ ತಿಂಗಳಾ ಕುಂತು ಹೇಳಿದ್ದು, ಅಷ್ಟೂ ಹೋದ್ರ ನಿಮಗ ಸಂಕಟ ಆಕ್ಕೈತಂತ ನಾನ ಬಿಟ್ಟೆ."

"ನನ್ನ ಸಂಕಟದ ಉಸಾಬರಿ ನಿನಗ್ಯಾಕ? ಬೇರು ಸಮೇತ ಕಿತ್ತ ಹಾಕು. ಹೊಸಾದು ಹಾಕು. ನನ್ನ ಕಣ್ಣ ಮುಂದ ಹಾಕು."

ಅಷ್ಟರಲ್ಲಿ ಬಾದಾಮಿಯಿಂದ ಶ್ರೀಶೈಲ ಎಂಬ ವರನ ಕಡೆಯವರು ಹೆಣ್ಣು ನೋಡಲು ಒಪ್ಪಿದ್ದರು. ಇನ್ನು ಹನ್ನೆರಡು ದಿನಕ್ಕೆ ಬರುವ ಐತವಾರ, ಅಂದರೆ ಭಾನುವಾರ, ಗೊತ್ತಾಗಿತ್ತು. ಅದರೊಳಗೆ ಪೆಟ್ಟಿಗೆಯ ಬಾಯಿ ಕಟ್ಟಲೇಬೇಕು.

ಮರುದಿನ ಮುಂಜಾನೆ ಜೋಹರಾ ಬಂದಳು. ಶಿವಲಿಂಗವ್ವ ಮೊದಲು ಅವಳ ಮೊಬೈಲ್ ಇಸಿದುಕೊಂಡು ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಭುಜಕ್ಕೆ ಭುಜ ತಾಗಿಸಿ ಕುಳಿತಳು. ಪರದೆಯ ಮೇಲೆ ಒಂದೊಂದು ಸಾಲು ಓಡಿದಾಗಲೂ, "ಇದೇನು? ಇದ್ಯಾಕ ಓಡಾಕತ್ತೈತಿ?" ಹಳೆಯದೆಲ್ಲ ಅಳಿಸಿ ಆದ ಮೇಲೆ ಜೋಹರಾ ಪೆನ್ ಡ್ರೈವ್ ಹೊರತೆಗೆದಳು.

"ಅದರಾಗೇನೈತಿ?"

"ಹೊಸಾದು ಹಾಕೂದು ಐತ್ರಿ."

"ಹಳೇದನ್ನ ತುಂಬ್ಕೊಂಡು ಹೋಗೂದಿಲ್ಲಂತ ಹೆಂಗ ನಂಬಲಿ?"

ಜೋಹರಾ ಪೆನ್ ಡ್ರೈವ್ ಸಿಕ್ಕಿಸಿದಳು. "ಕೆಲಸಾ ಮುಗದ ಮ್ಯಾಲೆ ನೀವ ಇಟ್ಕೊಳ್ರಿ."

ನಡುವೆ ಕರೆಂಟು ಹೋಗಿ ಅರ್ಧ ಹಾಕಿದ್ದನ್ನು ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಶಿವಲಿಂಗವ್ವ ಗಂಟಲು ಸರಿಮಾಡಿಕೊಂಡು, "ಮಹೇಶ್ವರಿ ಯಾರು?" ಎಂದಳು.

"ಕ್ಷಮಿಸಿ. ಈ ಹೆಸರಿನವರ ಬಗ್ಗೆ ನನ್ನ ಬಳಿ ಮಾಹಿತಿ ಇಲ್ಲ."

ಆಗ ಉಸಿರು ಬಂತು. ಪೆನ್ ಡ್ರೈವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೋಹರಾಳಿಗೆ ಒಂದು ಲೋಟ ಚಹಾ ಕೂಡ ಕೊಡದೆ ಕಳಿಸಿದಳು. ಮಾಡಬಾರದಿತ್ತು, ಆದರೂ ಮಾಡಿದಳು.

ಈಗ ಖಾಲಿ ಪೆಟ್ಟಿಗೆಗೆ ಎಲ್ಲವನ್ನೂ ಮತ್ತೆ ತುಂಬಬೇಕು. ಅವಳ ಹತ್ತಿರ ಒಂದು ಹರಿದ ಡೈರಿ ಇತ್ತು. ಚುಕ್ಕಿ, ಗೆರೆ, ಕಾಗೆ ಕಾಲಿನಂಥ ಗುರುತು, ಅವಳೊಬ್ಬಳಿಗೇ ಅರ್ಥವಾಗುವ ಬರಹ. ದಿನಾ ಮಧ್ಯಾಹ್ನ ಅದನ್ನು ಹಿಡಿದು ಕುಳಿತು ಹೇಳತೊಡಗಿದಳು. ಹಳೆಯ ಪೆಟ್ಟಿಗೆಗೆ ಅವಳ ಮಾತು ರೂಢಿಯಾಗಿತ್ತು. ಹೊಸದು ಈ ಕಡೆಯ ಮಾತು ಕೇಳಿದ್ದೇ ಇಲ್ಲ ಅನ್ನುವ ಹಾಗೆ, "ದಯವಿಟ್ಟು ಮತ್ತೊಮ್ಮೆ ಹೇಳಿ," ಎಂದು ಪ್ರತಿ ಮಾತಿಗೂ ತಡೆಯುತ್ತಿತ್ತು. ಹಾಗೆಂದಾಗಲೆಲ್ಲ ಶಿವಲಿಂಗವ್ವ ದನಿ ಏರಿಸುವಳು.

"ಬಾದಾಮಿ ಮೇಷ್ಟ್ರ ಸಣ್ಣ ಮಗಾ ಕುಡೀತಾನ. ಏ, ಕು-ಡೀ-ತಾ-ನ!"

ಎಂಟನೆಯ ದಿನ ಮಹೇಶ್ವರಿಯ ಪುಟ ಬಂತು. ಹೇಳಲೋ ಬೇಡವೋ ಎಂದು ಬಹಳ ಹೊತ್ತು ಕುಳಿತಳು. ಹೇಳದಿದ್ದರೆ, ಇದು ಗುಟ್ಟು ಎಂಬುದನ್ನೇ ಮರೆತು ಎಲ್ಲಿ ಆಡಿಬಿಡುತ್ತೇನೋ ಎಂಬ ಭಯ. ಪೆಟ್ಟಿಗೆಯಂತೂ ಹೊಸದು, ಹಳೆಯ ಕಳ್ಳ ಹೋಗಿದ್ದಾನೆ. ಹೇಳಿದಳು. "ದಯವಿಟ್ಟು ಮತ್ತೊಮ್ಮೆ ಹೇಳಿ," ಎಂದಿತು. ಮತ್ತೆ ಹೇಳಿದಳು. ಮತ್ತೆ ಅದೇ ರಾಗ.

"ಎ-ಡ-ಗಿ-ವಿ! ಎಡಗಿವಿ ಕೇಳ್ಸೂದಿಲ್ಲ!"

"ದಯವಿಟ್ಟು ಮತ್ತೊಮ್ಮೆ..."

"ಎಡಗಿವಿ ಅಂತ ಅಕಿ ಬಾಯಿ ಬಡ್ಕೊಳ್ಳಾಕತ್ತಾಳ, ಬರ್ಕೊಳೋ ನಿನ್ನ!" ಎಂದು ಕಿಟಕಿಯ ಆಚೆಯಿಂದ ಯಾರೋ ಪೆಟ್ಟಿಗೆಗೆ ಗದರಿದರು. ಹಿಂದೆಯೇ ನಾಲ್ಕೈದು ಹೆಂಗಸರ ನಗು.

ಶಿವಲಿಂಗವ್ವ ಎದ್ದು ನೋಡಿದಳು. ಎದುರು ಮನೆಯ ಕಟ್ಟೆಯ ಮೇಲೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು ರಾಟಿ ನಿಲ್ಲಿಸಿ ಕುಳಿತಿದ್ದರು. ನಡುವೆ ಶೇಂಗಾ ಸಿಪ್ಪೆಯ ಗುಡ್ಡೆ. ಗದರಿದವಳು ಬಿಬಿಜಾನ.

"ಎಂಟ ದಿನಾ ಆತಕ್ಕಾ, ನಮ್ಮ ಮನ್ಯಾಗ ಟೀವಿ ಹಚ್ಚಿಲ್ಲ," ಎಂದಳು ಬಿಬಿಜಾನ, ಕಣ್ಣೊರೆಸಿಕೊಳ್ಳುತ್ತಾ.

"ಹಿಂದಿನ ಪೆಟಿಗಿ ಶಾಣ್ಯಾ ಇತ್ತು," ಎಂದಳು ಪಕ್ಕದ ಶಾರವ್ವ. ಅವಳ ತಂಗಿಯನ್ನು ಕೊಟ್ಟದ್ದು ವಿದ್ಯಾಗಿರಿಗೆ. "ಆವಾಗ ಒಂದ ಸಲ ಹೇಳ್ತಿದ್ದಿ, ನಾವು ಕಿವಿ ಕೊಟ್ಟು ಕುಂದರಬೇಕಾಗತಿತ್ತು. ಈಗ ಮೂರ ಸಲ ಹೇಳ್ತಿ, ಪುಣ್ಯಾ ಬರ್ಲಿ ನಿನಗ."

ಶಿವಲಿಂಗವ್ವ ಕಿಟಕಿಯ ಸರಳು ಹಿಡಿದು ಹಾಗೇ ನಿಂತಳು. ಎಂಟು ದಿನ. ಮುನ್ನೂರು ಮನೆಯ ಹೊಟ್ಟೆಯೊಳಗಿನದನ್ನು, ಒಂದೊಂದನ್ನೂ ಮೂರು ಮೂರು ಸಲ, ಕೂಗಿ ಕೂಗಿ ಓಣಿಗೆ ಹಂಚಿದ್ದಳು. ಗಂಡನನ್ನು ಬೈದಳು, ಜೋಹರಾಳ ಮೊಬೈಲು ಹಿಟ್ಟಿನಲ್ಲಿ ಹೂತಳು. ತನ್ನ ಬಾಯಿಯ ಮೇಲೆ ಮಾತ್ರ ಒಂದು ದಿನವೂ ಸಂಶಯ ಪಡಲಿಲ್ಲ.

ಹುನಗುಂದದ ಬಸ್ಸು ಹಿಡಿಯಲು ಹೊರಟವಳು ದಾರಿಯಲ್ಲಿ ಅಂಗಡಿ ಹೊಕ್ಕು ಜೋಹರಾಳ ಮೇಜಿನ ಮೇಲೆ ಪೆನ್ ಡ್ರೈವ್ ಇಟ್ಟು, "ನಿನ್ನ ತಪ್ಪಲ್ಲವಾ," ಎಂದಳು.

"ನನಗ ಗೊತ್ತಿತ್ತಲ್ರಿ," ಎಂದಳು ಜೋಹರಾ, ತಲೆ ಎತ್ತದೆ.

ಹುನಗುಂದದಲ್ಲಿ ಮಹೇಶ್ವರಿ ಆಗಷ್ಟೇ ಶಾಲೆಯಿಂದ ಬಂದು ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಳು. ಶಿವಲಿಂಗವ್ವ ಅವಳ ಬಲಕ್ಕೆ ಕುಳಿತು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಲಿಲ್ಲ. ಕೊನೆಗೆ, "ಮತ್ತ ಅಳಿಸಿ ಹೊಸಾದ ಹಾಕಸ್ತೇನವಾ. ನಿನ್ನ ಹೆಸರ ಇರಲಾರ್ದಂಗ ತಗಸ್ತೇನಿ," ಎಂದಳು.

"ಪೆಟಿಗ್ಯಾಗಿಂದು ತಗಸ್ತೀರಿ. ಓಣ್ಯಾಗಿಂದು ಹೆಂಗ ತಗಸ್ತೀರಿ?"



"ಹೇಳೂದು ನನ್ನ ಪಾಲಿಂದಿತ್ರಿ. ಅದೊಂದ ಕೇಳಿದ್ದೆ ನಿಮಗ," ಎಂದಳು ಮಹೇಶ್ವರಿ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಬಾದಾಮಿಯವರ ನಂಬರ್ ಕೊಡಿ ಎಂದು ಕೈ ಚಾಚಿದಳು. ಅಲ್ಲೇ, ಇವಳ ಎದುರಿಗೇ, ಫೋನ್ ಹಚ್ಚಿದಳು.

"ಶ್ರೀಶೈಲ ಅವರೇನ್ರಿ? ನಾ ಹುನಗುಂದದಿಂದ ಮಹೇಶ್ವರಿ. ಯಾರರ ನಿಮಗ ಹೇಳೂಕಿಂತ ಮೊದಲ ನಾ ಹೇಳ್ತೇನಿ. ನನಗ ಎಡಗಿವಿ ಕೇಳ್ಸೂದಿಲ್ಲ. ಸಣ್ಣಾಕಿ ಇದ್ದಾಗಿಂದ."

ಆ ಕಡೆಯಿಂದ ಏನೋ ಉತ್ತರ ಬಂತು. ಮಹೇಶ್ವರಿ ಎರಡು ಸಲ ಹೂಂ ಎಂದಳು, ಒಂದು ಸಲ ಇಲ್ಲ ಎಂದಳು. ಫೋನ್ ಇಟ್ಟು ಪತ್ರಿಕೆಗಳನ್ನು ಸರಿಮಾಡಿ ಜೋಡಿಸಿದಳು.

"ಐತವಾರ ಬರ್ತೇನಿ ಅಂದ್ರು."

"ಶಿವನ ದೊಡ್ಡಾಂವ!" ಶಿವಲಿಂಗವ್ವನ ಕಣ್ಣು ತುಂಬಿ ಬಂದವು. "ಹಂಗಾರ ನಾ ಮುಂಜಾನಿ ಎಂಟರ ಬಸ್ಸಿಗೇ ಬರ್ತೇನವಾ. ಅವರ ಕಡಿ ಹಿರ್ಯಾರ್ನ ನಾ ನೋಡ್ಕೋತೇನಿ."

"ಬ್ಯಾಡ್ರಿ," ಎಂದಳು ಮಹೇಶ್ವರಿ. "ನೀವು ಬರಬ್ಯಾಡ್ರಿ."