ಬಾಟಲಿ ಒಣಗಿದ ಬೆಳಗು

ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ನಾನು ಭಾಲ್ಕಿಯ ಮನೆಗೆ ಹೊಸ ಸೊಸೆ. ಹೈದರಾಬಾದಿನಲ್ಲಿ ಅತ್ತೆಯ ಪಿತ್ತನಾಳದಿಂದ ಕಲ್ಲು ತೆಗೆದು, ಹೊಟ್ಟೆಯ ಬಲಗಡೆ ಒಂದು ರಬ್ಬರ್ ನಳಿಗೆ ಹೊರಬಿಟ್ಟು ಕಳಿಸಿದ್ದರು. ಅದನ್ನು ತೆಗೆಸಲು ಮರಳಿ ಹೋಗಬೇಕು ಅನ್ನುವಷ್ಟರಲ್ಲಿ ಆ ಗಲಾಟೆಯಲ್ಲಿ ರೈಲುಗಳು ನಿಂತವು. ನಳಿಗೆ ಹೊಟ್ಟೆಯಲ್ಲೇ ಉಳಿಯಿತು.

ನಳಿಗೆಯ ತುದಿಗೆ ಕಟ್ಟಿದ್ದ ಬಾಟಲಿ ಖಾಲಿ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಎದ್ದವಳೇ ಹಸಿರು ಹಳದಿ ಪಿತ್ತವನ್ನು ಹಿತ್ತಲ ಬೂದಿಯಲ್ಲಿ ಸುರಿದು, ಬಿಸಿನೀರಲ್ಲಿ ಬಾಟಲಿ ತೊಳೆದು ಮತ್ತೆ ಕಟ್ಟುತ್ತಿದ್ದೆ. ಕೆಟ್ಟ ಪಿತ್ತವೆಲ್ಲ ಇಳಿದುಹೋದರೆ ರೋಗವೂ ಹೋಯಿತೆಂದೇ ಮನೆಯವರೆಲ್ಲ ತಿಳಿದಿದ್ದೆವು.

“ಇನ್ನಾ ಎಷ್ಟದೋ ಯವ್ವಾ ಒಳಗ,” ಎಂದು ಅತ್ತೆ ನಿಟ್ಟುಸಿರುಬಿಟ್ಟರೆ, “ನಿನ್ನ ಸಿಟ್ಟದು. ಅಷ್ಟು ಲಗೂ ಮುಗೀತದೇನು?” ಎಂದು ಮಾವ ಪಡಸಾಲೆಯಿಂದಲೇ ಕಾಡುವರು.

ಒಂದು ಬೆಳಿಗ್ಗೆ ಬಾಟಲಿಯಲ್ಲಿ ಹನಿಯೂ ಇರಲಿಲ್ಲ. ಮಾವ ಅದನ್ನು ಬೆಳಕಿಗೆ ಹಿಡಿದು ನಕ್ಕರು.

“ಪಿತ್ತ ತೀರ್ತು. ಆಕಿ ಮೈಗಿ ನೀರು ಹಾಕು, ಹುಗ್ಗಿ ಮಾಡು.”

ಗೋಧಿ ಬೇಯಲಿಟ್ಟು ಬೆಲ್ಲ ಕುಟ್ಟಿದೆ. ಆಮೇಲೆ ಅತ್ತೆಯನ್ನು ಬಚ್ಚಲಲ್ಲಿ ಕೂರಿಸಿ ಸೆರಗು ಸರಿಸಿದೆ. ಡಾಕ್ಟರು ಚರ್ಮಕ್ಕೆ ಅಂಟಿದಂತೆ ನಳಿಗೆಗೆ ಸುತ್ತಿದ್ದ ಕರಿದಾರ ಈಗ ನಳಿಗೆಯೊಂದಿಗೆ ನಾಲ್ಕು ಬೆರಳು ಹೊರಗೆ ಜಾರಿ ಜೋತಾಡುತ್ತಿತ್ತು. ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಎತ್ತಿದ ತಂಬಿಗೆ ಕೆಳಗಿಟ್ಟೆ.

“ಮುಟ್ಟಬ್ಯಾಡ ತಂಗಿ,” ಅತ್ತೆ ಹಲ್ಲು ಕಚ್ಚಿದರು. “ನಸಿಕಿನಾಗಿಂದ ಹಿಂಗ ಅದ. ನೀವೆಲ್ಲಾ ಖುಷಿ ಆಗೀರಿ, ಹ್ಯಾಂಗ ಹೇಳ್ಲಿ?”

ಗಾಡಿಗೆ ಹುಲ್ಲು ಹಾಸಿ ಬೀದರಿಗೆ ಹೊರಟೆವು. ದಾರಿಯಲ್ಲಿ ಮಿಲಿಟರಿಯವರು ತಡೆದು ಅತ್ತೆಗೆ ಹೊದಿಸಿದ್ದ ಕೌದಿ ಎತ್ತಿಸಿದರು. ನಳಿಗೆ ಕಂಡ ಸಿಪಾಯಿ ಕೌದಿಯನ್ನು ತಾನೇ ಹೊದಿಸಿ, ಹೋಗಿ ಎಂದು ಕೈ ಬೀಸಿದ.

ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು.

“ನಳಿಗಿ ಜಾರ್‍ಯಾದ. ಪಿತ್ತ ನಿಂತಿಲ್ರಿ, ಹೊಟ್ಟ್ಯಾಗ ಸೋರ್ಲಿಕತ್ತದ. ಬಾಟ್ಲಿ ಖಾಲಿ ಇದ್ದದ್ದು ನೋಡಿ ಏನ್ ಮಾಡಿದ್ರಿ?”

ಮಾವ ನನ್ನ ಮುಖ ನೋಡಿದರು. ಹುಗ್ಗಿಯ ಮಾತು ಬಿಟ್ಟು, ನಾನು ಅತ್ತೆಯ ಸೆರಗು ಎಳೆದು ಮುಚ್ಚಿದೆ.

ಅಂದೇ ಹೊಟ್ಟೆ ಮತ್ತೆ ಕೊಯ್ದು ತೊಳೆದು, ಹೊಸ ನಳಿಗೆ ಹಾಕಿದರು. ಅತ್ತೆಗೆ ಇನ್ನೂ ಎಚ್ಚರವಾಗಿರಲಿಲ್ಲ. ಮಂಚದ ಕೆಳಗಿನ ಬಾಟಲಿಯ ಮುಂದೆ ಮಾವ ಕುಕ್ಕರಗಾಲಲ್ಲಿ ಕೂತರು. ಗಾಜಿನ ತಳಕ್ಕೆ ಹಸಿರು ಹನಿಯೊಂದು ಬಿತ್ತು.

“ಬಂತ್ರಿ ಮಾವಾ,” ಎಂದೆ.

“ಇರ್ಲಿ. ಇನ್ನೊಂದು ಬೀಳ್ಲಿ,” ಎಂದರು. ಎದ್ದೇಳಲಿಲ್ಲ.