ಶೇಷ ಹತ್ತು

ಆ ದಿನ ತಂಗಿಯನ್ನು ಗೆಲ್ಲಿಸಿದವನು ನಾನೇ ಎಂದು ಎಷ್ಟು ಜನರಿಗೆ ಹೇಳಿದ್ದೇನೋ ನೆನಪಿಲ್ಲ. ಈಗ ಆ ಮಾತು ನಿಜವೋ ಅಲ್ಲವೋ, ಅದೂ ಖಾತ್ರಿಯಿಲ್ಲ. ಮೊನ್ನೆ ಮುದ್ದೇಬಿಹಾಳದ ಅವಳ ಮನೆಯಲ್ಲಿ ಏನೋ ಕಾಗದ ಹುಡುಕುವಾಗ, ಅವಳ ಬಿ.ಎಸ್ಸಿ. ಪದವಿಪತ್ರದ ಹಿಂದೆ ಮಡಿಚಿಟ್ಟ ಹಾಳೆಯೊಂದು ಸಿಕ್ಕಿತು. ಮೇಲೆ ಹದಿನಾರು ಅಂಕಿಯ ಸಂಖ್ಯೆ: 2719463883649172. ಕೆಳಗೆ ಉದ್ದದ ಭಾಗಾಕಾರ. ಕೈಬರಹ ನನ್ನದು.

ತೊಂಬತ್ತರ ದಶಕದ ಕೊನೆ. ಇಂಡಿ ಊರಿನ ನಮ್ಮ ಮನೆಗೆ ಚಡಚಣದವರು ಕನ್ಯಾ ನೋಡಲು ಬಂದಿದ್ದರು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ದೇವರಿಂದ ಹಿಡಿದು ಅವ್ವನ ಕಷಾಯದವರೆಗೆ ಎಲ್ಲಕ್ಕೂ ಪುರಾವೆ ಕೇಳುವ ವಯಸ್ಸು. ಅಂಥವನನ್ನು ಮನೆಯವರು ಹೇಗೆ ಸಹಿಸಿಕೊಂಡರೋ, ನೀವೇ ಊಹಿಸಿ. ತಂಗಿಯ ಬಿ.ಎಸ್ಸಿ. ಮುಗಿಯಲು ಇನ್ನೂ ಎರಡು ವರ್ಷವಿತ್ತು. ಅವಲಕ್ಕಿ ತಿಂದು ಚಹಾ ಕುಡಿದ ವರನ ಸೋದರಮಾವ, ದ್ರಾಕ್ಷಿ ತೋಟದವರು, "ಹಾಡು ಬರ್ತೈತೇನ ಯವ್ವಾ?" ಎಂದರು.

"ಹಾಡ ಬರಂಗಿಲ್ರಿ ಕಾಕಾರ, ಲೆಕ್ಕ ಬರ್ತೈತಿ. ಮನಸಿಗೆ ಬಂದ ಎಂಟು ಅಂಕಿ ಹೇಳ್ರಿ. ಅದನ್ನ ತಿರುವಿ ಬಾಜೂಕ ಬರಿತೇನಿ. ಎಡಕಿಂದ ಓದ್ರಿ, ಬಲಕಿಂದ ಓದ್ರಿ, ಒಂದ. ಅದು ಹನ್ನೊಂದರಿಂದ ಪೂರಾ ಭಾಗ ಹೋಗ್ತೈತಿ. ಹೋತಂದ್ರ ಮದವಿ ಆದಮ್ಯಾಲೂ ನನ್ನ ಕಾಲೇಜ ಬಿಡಸಬಾರದು."

"ಹೋಗಲಿಲ್ಲಂದ್ರ?"

"ಈ ವರ್ಷಾನ ಬಿಡ್ತೇನಿ."

ಒಳಗೆ ಅವ್ವ ಜೋರಾಗಿ ಕೆಮ್ಮಿದಳು. ಮಾವ ಅಂಕಿ ಹೇಳಿದರು, ತಂಗಿ ಬರೆದಳು. ಭಾಗಿಸುವ ಕೆಲಸ ಎಂ.ಎಸ್ಸಿ.ಯವನಿಗೆ ಬಂತು.

ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಒಂದೇ. ನನ್ನ ನೆನಪಿನಲ್ಲಿ ಮುಂದೆ ಶೇಷ ಸೊನ್ನೆ, ಆಮೇಲೆ ನನ್ನದೇ ವಿವರಣೆ. ಅವಳದು ಬೇರೆ: "ಶೇಷ ಹತ್ತು ಅಂದಿ ಅಣ್ಣಾ. ಮ್ಯಾಲ, ಎಲ್ಲಾ ಸಂಖ್ಯೆಗೂ ಹೊಂದತೈತಂತ ಏನ ಗ್ಯಾರಂಟಿ ಅಂತ ಭಾಷಣಾ ಬ್ಯಾರೆ."

ಆಗ ಅವಳೇ ಬಾಯಿ ತೆರೆದಳಂತೆ. "ಅಣ್ಣ ತಪ್ಪ್ಯಾನ್ರಿ, ಲೆಕ್ಕ ತಪ್ಪಿಲ್ಲ. ಇದನ್ನ ಊಟದ ಪಂಕ್ತಿ ಅಂತ ತಿಳಕೋರಿ. ಒಂದು ಎಲಿ ನಮ್ಮ ಕಡೇದು, ಮುಂದಿಂದು ನಿಮ್ಮ ಕಡೇದು. ಈ ತುದಿಯ ಎರಡು ಅನ್ನೂ ಅಂಕಿ ನಮ್ಮ ಕಡೆ ಕುಂತರ, ಆ ತುದಿಯ ಎರಡು ನಿಮ್ಮ ಕಡೆ. ಎಲ್ಲಾ ಅಂಕಿನೂ ಹಂಗ. ಕೂಡಸ್ರಿ, ಈ ಕಡೆ ನಲವತ್ತು, ಆ ಕಡೆ ನಲವತ್ತು. ಎರಡೂ ಸಮಾ ಇದ್ದರ ಹನ್ನೊಂದರಿಂದ ಹೋಗಾಕ ಬೇಕು."

ಮಾವ ಬೆರಳು ಮಡಿಚಿ ಎರಡೂ ಕಡೆ ಕೂಡಿಸಿ ನೋಡಿ ನಕ್ಕರಂತೆ. "ಎರಡೂ ಕಡೆ ಸಮಾ ಹಿಡಿಯಾಕಿ ನಮ್ಮ ಮನಿಗೆ ಬೇಕ ಬೇಕು. ಕಲಿ ಯವ್ವಾ. ತಮ್ಮಾ, ನೀನೂ ಒಂದೀಟ ಕಲಿ."

ಅವಳು ಆ ಮನೆಯ ಸೊಸೆಯಾಗಿ ಪದವಿ ಮುಗಿಸಿದಳು. ಈಗ ಗಂಡನ ನೌಕರಿಯ ಊರಿನಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ನಾನು ಮಾತ್ರ ಮೊನ್ನೆ ಅವಳ ಮಾತು ಒಪ್ಪದೆ, ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ಕುಳಿತೆ. ಏಳನೆಯ ಹೆಜ್ಜೆಯಲ್ಲಿ, ನೂರಾ ಎಂಟರಲ್ಲಿ ತೊಂಬತ್ತೊಂಬತ್ತು ಕಳೆದು ಎಂಟು ಎಂದು ಬರೆದಿದ್ದೇನೆ. ಕೊನೆಯಲ್ಲಿ ಹತ್ತು; ಅದರ ಕೆಳಗೆ ಠೀವಿಯಿಂದ ಎರಡು ಗೆರೆ.

ಎಂಟಿನ ಜಾಗದಲ್ಲಿ ಒಂಬತ್ತು ಇಟ್ಟು ಮೂರು ಸಲ ಭಾಗಿಸಿದೆ. ಮೂರೂ ಸಲ ಶೇಷ ಸೊನ್ನೆ.